ಬೇಸರಪಡುವ ಹಕ್ಕು

ನಿರಂಜನರು 1924ರಲ್ಲಿ ಹುಟ್ಟಿದ ಕುಳ್ಕುಂದ ಈಗ ಕಡಬ ತಾಲೂಕಿಗೆ ಸೇರಿದೆ. ಅವರ ‘ದೂರದ ನಕ್ಷತ್ರ’ದ ಜಯದೇವ ಮುಂದೆ ಓದುವ ಆಸೆ ಬದಿಗಿಟ್ಟು ಹಳ್ಳಿಶಾಲೆಯ ಮೇಷ್ಟ್ರಾಗುತ್ತಾನೆ. ಕೆಲಸ ಕನಸನ್ನು ಸವೆಸುತ್ತದೆ. ಇದನ್ನು ಮೇಷ್ಟ್ರ ಭ್ರಮನಿರಸನ ಅಂತ ಓದಿ ಮುಗಿಸುವುದು ಸುಲಭ. ನನ್ನ ತಕರಾರು ಅಲ್ಲೇ. ಭ್ರಮೆ ಕಳಚಬೇಕಾದರೆ ಮೊದಲು ಭ್ರಮೆ ಇಟ್ಟುಕೊಳ್ಳುವಷ್ಟು ನೆಲೆ ಬೇಕಲ್ಲ?

ಪುತ್ತೂರು, ಸುಳ್ಯ, ಕಡಬದ ಯಾವುದಾದರೂ ಕಾಲೊನಿಯಿಂದ ಮೊದಲ ಬಾರಿಗೆ ಮಾಷ್ಟ್ರಾದವನನ್ನು ನೆನೆಯಿರಿ. ಅವನ ಸಂಬಳ ತಂಗಿಯ ಮದುವೆಗೆ, ಮನೆಯ ಮಾಡಿಗೆ, ಸೊಸೈಟಿ ಸಾಲಕ್ಕೆ. ಜನಗಣತಿ, ಚುನಾವಣೆ, ಬಿಸಿಯೂಟದ ಅಕ್ಕಿ ಲೆಕ್ಕ ಎಲ್ಲರಿಗೂ ಉಂಟು. ಸ್ಟಾಫ್ ರೂಮಿನಲ್ಲಿ ‘ರಿಸರ್ವೇಶನ್’ ಅಂತ ಕೇಳಿಸಿಯೂ ಕೇಳಿಸದ ಹಾಗೆ ಆಡುವ ಮಾತು ಇವನಿಗೆ ಮಾತ್ರ. ಸಾಕಾಗಿದೆ ಅಂತ ಮನೆಯಲ್ಲಿ ಹೇಳಿದರೆ, “ಸರ್ಕಾರಿ ಕೆಲಸ ಉಂಟಲ್ಲ, ಇನ್ನೆಂತ ಬೇಕು ನಿನಗೆ?” ಬೇಸರಪಡುವ ಹಕ್ಕೂ ಅವನಿಗಿಲ್ಲ. ಈ ದಣಿವಿಗೆ ನಮ್ಮ ವಿಮರ್ಶೆಯಲ್ಲಿ ಹೆಸರೇ ಇಲ್ಲ. ಅಸ್ತಿತ್ವವಾದದ ಏಕಾಕಿತನವನ್ನು ನವ್ಯರು ಎಷ್ಟು ಪುಟ ಚರ್ಚಿಸಿದರು! (ಅವರ ನಾಯಕರಿಗೆ ರಜೆ ಅರ್ಜಿ ಬರೆಯುವ ಕಷ್ಟ ಇದ್ದಂತಿಲ್ಲ.)

ಹಾಗಂತ ನಿರಂಜನರನ್ನು ಬದಿಗೆ ಸರಿಸಲಾರೆ. 1955ರ ‘ಚಿರಸ್ಮರಣೆ’ಯಲ್ಲಿ ಅವರದೇ ಇನ್ನೊಬ್ಬ ಮೇಷ್ಟ್ರಿದ್ದಾನೆ. ಕಯ್ಯೂರಿನ ರೈತರ ಜೊತೆ ಸಂಘಟನೆಗಿಳಿದವನು. ಆ ಹೋರಾಟದ ನಾಲ್ವರು 1943ರಲ್ಲಿ ನೇಣಿಗೇರಿದರು. ಅವನಿಗೂ ದಣಿವಿದೆ, ಆದರೆ ಅದನ್ನು ಹೇಳಿಕೊಳ್ಳಲು ಜನ ಇದ್ದಾರೆ. ಜಯದೇವನನ್ನೂ ಇವನನ್ನೂ ಎದುರುಬದುರು ಕೂರಿಸಿ, ನಡುವೆ ನಮ್ಮ ಕಾಲೊನಿಯ ಮಾಷ್ಟ್ರಿಗೊಂದು ಬೆಂಚು ಹಾಕಿ ಓದಿ ನೋಡಿ.