ಪಡಸಾಲೆಯ ಕಡಲಿಗೆ ಎಷ್ಟು ವಯಸ್ಸು?

1846ರಲ್ಲಿ ಆ್ಯನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿಯ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದರು. ಲಂಡನ್ನಿನಲ್ಲಿ ಕಡಲ ನೀರು ಬೇಕೆಂದಾಗ ಸಿಗುವಂಥದ್ದಲ್ಲ. ತಂದ ನೀರನ್ನೇ ಕೆಡದಂತೆ ಕಾಯಬೇಕಿತ್ತು. ಅದಕ್ಕಾಗಿ ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು, ನಾವು ಬಿಸಿ ಹಾಲು ಆರಿಸುವ ಹಾಗೆ, ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯುತ್ತಿದ್ದಳು. ಗಾಳಿ ಬೆರೆತ ನೀರಿನಲ್ಲಿ ಹವಳ ಬದುಕಿತು. ಮನೆಯೊಳಗೆ ಕಡಲನ್ನು ಸಾಕುವ ಹವ್ಯಾಸದ ಕಥೆ ಶುರುವಾಗುವುದು ಹೆಚ್ಚುಕಡಿಮೆ ಇಲ್ಲಿಂದಲೇ. ಆ ಹೆಂಗಸಿನ ತೋಳುಗಳ ಕೆಲಸವನ್ನು ಇಂದು ಪಂಪುಗಳು ಮಾಡುತ್ತಿವೆ. ಕಡಲಿನಿಂದ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿನಲ್ಲೂ ಸಾವಿರಾರು ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಕಟ್ಟುವ ಆಸೆ ಹುಟ್ಟಿದೆ. ಇಷ್ಟು ದೊಡ್ಡ ಹವ್ಯಾಸವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ದೊಡ್ಡ ತೊಟ್ಟಿಯನ್ನು ಬರೀ ಆಡಂಬರ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೀನಿನ ಹೇಸಿಗೆ, ಉಳಿದ ಆಹಾರ ಕೊಳೆತಾಗ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಕಲ್ಲು, ಮರಳುಗಳಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತವೆ. ಈ ಸೂಕ್ಷ್ಮಜೀವಿಗಳ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನೂರು ಲೀಟರಿನಲ್ಲಿ ಒಂದು ಮೀನು ಕಣ್ಣಿಗೆ ಬೀಳದೆ ಸತ್ತರೆ ಮರುದಿನ ಉಳಿದವೂ ಸಾಯಬಹುದು. ಮೂರು ಸಾವಿರ ಲೀಟರಿನಲ್ಲಿ ಅದೇ ವಿಷ ತೆಳುವಾಗಿ ಕರಗಿಹೋಗುತ್ತದೆ. ಬಿಸಿಲು ಏರಿದರೂ ದೊಡ್ಡ ನೀರು ಬೇಗ ಕಾಯುವುದಿಲ್ಲ. ಜೀವಿಗಳ ದೃಷ್ಟಿಯಿಂದ ನೋಡಿದರೆ ದೊಡ್ಡದೇ ದಯೆಯುಳ್ಳದ್ದು.

ಆದರೆ ಆ ದಯೆಯ ಭಾರವನ್ನು ಮನೆ ಹೊರಬೇಕು. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ನೀರು ಎಂದರೆ ಮೂರು ಸಾವಿರ ಲೀಟರ್, ಮೂರು ಟನ್ನಿಗೂ ಹೆಚ್ಚು. ಗಾಜು, ಕಲ್ಲು, ಸ್ಟ್ಯಾಂಡಿನ ತೂಕ ಬೇರೆ. ನಮ್ಮ ಕಟ್ಟಡ ಮಾನದಂಡದಲ್ಲಿ ವಾಸದ ಕೋಣೆಯ ನೆಲಕ್ಕೆ ಲೆಕ್ಕಹಾಕುವ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ. ಈ ತೊಟ್ಟಿ ಹೇರುವುದು ಸಾವಿರಕ್ಕೂ ಹೆಚ್ಚು. ಮೀನಿನ ಅಂಗಡಿಗೆ ಹೋಗುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರನ್ನು ಕಾಣಬೇಕು. ಸಾಧ್ಯವಾದರೆ ನೆಲಮಹಡಿಯಲ್ಲೇ ಇಡಬೇಕು.

ನೀರಿನ ಲೆಕ್ಕವೂ ಸಣ್ಣದಲ್ಲ. ಕಡಲ ನೀರಿನ ಲೀಟರಿಗೆ 35 ಗ್ರಾಂ ಉಪ್ಪು. ಮೂರು ಸಾವಿರ ಲೀಟರಿಗೆ ಒಂದು ಕ್ವಿಂಟಲ್‌ಗೂ ಮಿಕ್ಕಿ ಬೇಕು, ಅದೂ ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ಹದವಾಗಿ ಬೆರೆತ ಉಪ್ಪು. ಪ್ರತಿ ಬಾರಿ ಹತ್ತನೇ ಒಂದು ಭಾಗ ನೀರು ಬದಲಿಸಿದರೂ 300 ಲೀಟರ್ ಶುದ್ಧ ನೀರು ಬೇಕು. ಅದನ್ನು ಆರ್‌ಒ ಯಂತ್ರದಲ್ಲಿ ಶೋಧಿಸುವಾಗ ಅದಕ್ಕಿಂತ ಹೆಚ್ಚು ನೀರು ಹೊರಗೆ ಹರಿಯುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದ ಊರಿನಲ್ಲಿ ಈ ನೀರನ್ನು ಚರಂಡಿಗೆ ಬಿಡುವುದು ಅಕ್ಷಮ್ಯ. ಹಿಡಿದಿಟ್ಟು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವ ಏರ್ಪಾಡು ತೊಟ್ಟಿಯ ನಕ್ಷೆಯಲ್ಲೇ ಇರಬೇಕು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ನೀರಿನ ಆಮ್ಲಜನಕ ಇಳಿಯುತ್ತಾ ಹೋಗುತ್ತದೆ. ಯುಪಿಎಸ್ ಇಲ್ಲದೆ ದೊಡ್ಡ ತೊಟ್ಟಿಗೆ ಕೈ ಹಾಕುವುದು ಜೀವಗಳ ಜೊತೆ ಜೂಜಾಡಿದಂತೆ.

ಇಷ್ಟೆಲ್ಲ ಹಣ, ಶಿಸ್ತು ಇದ್ದವರೂ ಸೋಲುವುದು ಇನ್ನೊಂದು ಪ್ರಶ್ನೆಯ ಮುಂದೆ: ಈ ಮೀನು ಎಲ್ಲಿ ಹುಟ್ಟಿತು? ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಸಾಕಣೆ ಕೊಳಗಳಲ್ಲಿ ಹುಟ್ಟಿದವು. ಕಡಲ ಮೀನುಗಳ ಕಥೆ ತಿರುಗುಮುರುಗು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಸಂಸ್ಥೆಯೊಂದು 2003ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಕಡಲ ಮೀನುಗಳು ಈ ವ್ಯಾಪಾರಕ್ಕೆ ಸೇರುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ಹವಳದ ದಿಬ್ಬಗಳಿಂದ ಹಿಡಿದವೇ. ಫಿಲಿಪ್ಪೀನ್ಸ್ ಮುಂತಾದ ಕಡೆ ಮೀನಿಗೆ ಮಂಪರು ಬರಿಸಲು ಸಯನೈಡ್ ಚಿಮ್ಮಿಸುವ ಪದ್ಧತಿಯೂ ಬೆಳೆಯಿತು. ಆ ವಿಷ ಮೀನಿನ ಜೊತೆ ಹವಳವನ್ನೂ ಕೊಲ್ಲುತ್ತದೆ.

ಈ ನೋವು ಹೊಸದಲ್ಲ. ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಬರೆದ ‘ದಿ ಅಕ್ವೇರಿಯಂ’ ಓದಿ ಇಂಗ್ಲೆಂಡಿನ ಜನ ಕಡಲತೀರಕ್ಕೆ ಮುಗಿಬಿದ್ದರು. ಅವರ ಮಗ ಎಡ್ಮಂಡ್ ಗಾಸ್ 1907ರ ತಮ್ಮ ಆತ್ಮಕಥನದಲ್ಲಿ, ಬಾಲ್ಯದಲ್ಲಿ ಕಂಡ ಬಂಡೆಗುಂಡಿಗಳ ಆ ಜೀವಲೋಕ ಹೀಗೆ ಸೂರೆಹೋದುದನ್ನು ಸಂಕಟದಿಂದ ದಾಖಲಿಸಿದರು. ಪ್ರೀತಿಯೇ ಪ್ರೀತಿಸಿದ್ದನ್ನು ಬರಿದು ಮಾಡಿತ್ತು.

ಹಾಗಾದರೆ ದಾರಿಯಿಲ್ಲವೇ? ಇದೆ. ಕ್ಲೌನ್ ಮೀನು ಕಲ್ಲಿಗೆ ಮೊಟ್ಟೆ ಅಂಟಿಸುತ್ತದೆ, ಗಂಡು ಕಾವಲು ಕಾಯುತ್ತದೆ, ಮರಿ ತಕ್ಕಮಟ್ಟಿಗೆ ದೊಡ್ಡದಾಗಿಯೇ ಹೊರಬರುತ್ತದೆ. ಹಾಗಾಗಿ ಅದನ್ನು ಸಾಕಣೆಯಲ್ಲಿ ಬೆಳೆಸಬಹುದು. ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವಿಳಿಂಜಂ, ಮಂಡಪಂಗಳಲ್ಲಿ ಇದನ್ನು ಮಾಡಿ ತೋರಿಸಿದೆ. ನೀಲಿ ಟ್ಯಾಂಗ್ ಹಾಗಲ್ಲ. ಅದು ತೆರೆದ ನೀರಿನಲ್ಲಿ ಮೊಟ್ಟೆ ಚೆಲ್ಲುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ವಾರಗಟ್ಟಲೆ ತೇಲುತ್ತವೆ. ಅದನ್ನು ಫ್ಲೋರಿಡಾ ವಿಶ್ವವಿದ್ಯಾಲಯದವರು ಮೊದಲ ಬಾರಿಗೆ ಸಾಕಣೆಯಲ್ಲಿ ಬೆಳೆಸಿದ್ದು 2016ರಲ್ಲಿ. ಅಂಗಡಿಯಲ್ಲಿ ಬೆರಳುದ್ದ ಕಾಣುವ ಅದು ಒಂದಡಿಯವರೆಗೆ ಬೆಳೆಯುತ್ತದೆ ಎಂಬುದೂ ನೆನಪಿರಲಿ.

ಹವಳದ ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟ. ದಿಬ್ಬ ಕಟ್ಟುವ ಹವಳ, ಕರಿ ಹವಳ, ಸಮುದ್ರಕುದುರೆ ಇವೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು, ಅಂದರೆ ಹುಲಿಯ ಪಕ್ಕಕ್ಕೇ. ಜೀವಂತ ಹವಳ ನೋಡುವ ಆಸೆಯಿದ್ದವರಿಗೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ನೀರಿಗಿಳಿಯುವ ದಾರಿ ತೆರೆದಿದೆ. ಮನೆಯ ತೊಟ್ಟಿಗೆ ಹವಳದ ತುಂಡನ್ನು ಕಿತ್ತು ತರುವ ದಾರಿ ಮುಚ್ಚಿದೆ, ಮುಚ್ಚಿಯೇ ಇರಬೇಕು.

ನನ್ನ ತೀರ್ಮಾನ ಇಷ್ಟು. ನೆಲ ತಡೆಯುವುದಾದರೆ, ನೀರಿನ ಲೆಕ್ಕ ಸರಿಯಿದ್ದರೆ, ಕೈಯಲ್ಲಿ ಬಿಡುವಿದ್ದರೆ ದೊಡ್ಡ ತೊಟ್ಟಿ ಕಟ್ಟಿ. ಅದರಲ್ಲಿ ಸಾಕಣೆಯಲ್ಲಿ ಹುಟ್ಟಿದ ಕೆಲವೇ ಮೀನುಗಳಿರಲಿ. ಚೆನ್ನಾಗಿ ನೋಡಿಕೊಂಡ ಕ್ಲೌನ್ ಮೀನು ಇಪ್ಪತ್ತು ವರ್ಷ ಬದುಕಬಲ್ಲದು. ಮುಂದೆ ಯಾರಾದರೂ ತಮ್ಮ ಪಡಸಾಲೆಯ ಕಡಲನ್ನು ತೋರಿಸಿದಾಗ ಎಷ್ಟು ಲೀಟರ್ ಎಂದು ಕೇಳಬೇಡಿ. ಈ ಮೀನು ಎಲ್ಲಿ ಹುಟ್ಟಿತು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿ.