ಕ್ಯಾನ್ಸರ್ ‘ಮಾಯ’ವಾದ ಸುದ್ದಿ

ಕಾರ್-ಟಿ ಚಿಕಿತ್ಸೆಯ ಸುದ್ದಿ ಬರೆಯೋಕೆ ನಮ್ಮಲ್ಲಿ ಒಂದು ಅಚ್ಚು ತಯಾರಾಗಿದೆ. ಮೇಲೆ ‘ಸ್ವದೇಶಿ’, ನಡುವೆ ‘ಕ್ರಾಂತಿ’, ಕೊನೆಗೆ ಕ್ಯಾನ್ಸರ್ ‘ಮಾಯ’. 2023ರಲ್ಲಿ ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ ಅನುಮತಿ ಸಿಕ್ಕಾಗಲೂ ಇದೇ, 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿ ಕಾರ್ಟೆಮಿ ಬಿಡುಗಡೆ ಮಾಡಿದಾಗಲೂ ಇದೇ. ಹೆಮ್ಮೆಗೆ ನನ್ನ ತಕರಾರಿಲ್ಲ. ಅಮೆರಿಕದಲ್ಲಿ ಮೂರೂವರೆ ಲಕ್ಷ ಡಾಲರ್ ದಾಟೋ ಚಿಕಿತ್ಸೆ ಇಲ್ಲಿ ಅದರ ಸಣ್ಣ ಪಾಲಿಗೆ ಸಿಗೋದು ದೊಡ್ಡ ವಿಷಯವೇ.

ತಕರಾರು ಒಂದು ಪದದ ಮೇಲೆ. ಇಂಗ್ಲಿಷಿನ ‘ರೆಸ್ಪಾನ್ಸ್’ ಕನ್ನಡಕ್ಕೆ ಬರುವಷ್ಟರಲ್ಲಿ ‘ಗುಣ’ ಆಗಿಬಿಡುತ್ತೆ. ಗಡ್ಡೆ ಸಾಕಷ್ಟು ಕುಗ್ಗಿದರೂ ರೆಸ್ಪಾನ್ಸ್, ಪೂರ್ತಿ ಕರಗಿದರೂ ರೆಸ್ಪಾನ್ಸ್. ಬೇರೆ ಔಷಧಿಗೆ ಬಗ್ಗದ ಲಿಂಫೋಮಾ ಮೇಲೆ ಅಮೆರಿಕದಲ್ಲಿ ನಡೆದ ಝೂಮಾ-1 ಪ್ರಯೋಗವನ್ನೇ ನೋಡಿ. 101 ಮಂದಿಯಲ್ಲಿ ಶೇ. 82ರಷ್ಟು ಜನರ ಗಡ್ಡೆ ಕುಗ್ಗಿತು, ಶೇ. 54ರಲ್ಲಿ ಸುಳಿವೇ ಉಳಿಯಲಿಲ್ಲ. ಐದು ವರ್ಷಕ್ಕೆ ಬದುಕಿದ್ದವರು ಸುಮಾರು ಶೇ. 43. ಸೈಟು ಮಾರಬೇಕಾ ಅಂತ ಕೂತಿರೋ ಮನೆಯವರಿಗೆ ಇದರಲ್ಲಿ ಯಾವ ಸಂಖ್ಯೆ ಹೇಳ್ತೀರಿ? ಇಂಥ ರೋಗಿಗಳಲ್ಲಿ ಅರ್ಧದಷ್ಟು ಜನ ಮೊದಲು ಆರೇಳು ತಿಂಗಳೂ ದಾಟುತ್ತಿರಲಿಲ್ಲ. ಅಂದಮೇಲೆ 43 ಅನ್ನೋದೇ ಭಾರಿ ಸುದ್ದಿ, ಉಬ್ಬಿಸೋ ಅಗತ್ಯವೇ ಇಲ್ಲ.

ಇನ್ನು ‘ಒಂದೇ ಡೋಸ್’. ಅದಕ್ಕೂ ಮುಂಚೆ ರೋಗಿಯ ಟಿ ಕೋಶ ತೆಗೆದು, ಲ್ಯಾಬಿನಲ್ಲಿ ಬದಲಿಸಿ, ಬೆಳೆಸಿ ತರೋಕೆ ವಾರಗಟ್ಟಲೆ ಬೇಕು. ಅಷ್ಟು ದಿನ ಲಿಂಫೋಮಾ ರಜೆ ಹಾಕಲ್ಲ. ಕೊಟ್ಟ ಮೇಲೂ ಜ್ವರ, ಬಿಪಿ ಕುಸಿತ, ಕೆಲವರಿಗೆ ಗೊಂದಲ. ಅದನ್ನ ಪತ್ತೆ ಹಚ್ಚೋಕೆ ರೋಗಿಯ ಕೈಲಿ ದಿನಾ ಒಂದು ವಾಕ್ಯ ಬರೆಸ್ತಾರೆ; ಬರೆಯೋಕೆ ತಡವರಿಸಿದ್ರೆ ಮಿದುಳಿಗೆ ಬಿಸಿ ತಟ್ಟಿದೆ ಅಂತ ಅನುಮಾನ. ಇಂಥ ವಿವರ ಬಿಟ್ಟು ‘ಮಾಯ’ ಅಂತ ಬರೆಯೋಕೆ ಮನಸ್ಸಾದ್ರೂ ಹೇಗೆ ಬರುತ್ತೋ!

ಈ ಅಚ್ಚಿಗೆ ಕೂರದ ಔಷಧಿಗಳಿಗೆ ತಲೆಬರಹವೂ ಕಷ್ಟ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗ್ಲೋಫಿಟಮ್ಯಾಬ್, ಎಪ್ಕೊರಿಟಮ್ಯಾಬ್ ಒಂದು ಕೈಯಲ್ಲಿ ಕ್ಯಾನ್ಸರ್ ಕೋಶ, ಇನ್ನೊಂದರಲ್ಲಿ ಟಿ ಕೋಶ ಹಿಡಿದು ಎರಡನ್ನೂ ಎದುರುಬದುರು ನಿಲ್ಲಿಸ್ತವೆ. ಸೀಸೆಯಲ್ಲಿ ಸಿದ್ಧ, ಲ್ಯಾಬಿಗೆ ಕಾಯಬೇಕಿಲ್ಲ. ಕಾರ್-ಟಿ ಸೋತವರಲ್ಲೂ ಕೆಲವರಿಗೆ ಕೆಲಸ ಮಾಡಿವೆ. ಆದರೆ ಇದು ಒಂದೇ ಡೋಸ್ ಅಲ್ಲ, ಸ್ವದೇಶಿಯೂ ಅಲ್ಲ. ಹಾಗಾಗಿ ಫ್ಯಾಮಿಲಿ ಗ್ರೂಪಿಗೆ ಬರೋ ಫಾರ್ವರ್ಡ್ ನೋಡಿದವರಿಗೆ, ‘ಅಪ್ಪನಿಗೆ ಅಷ್ಟು ವಾರ ಕಾಯೋ ಶಕ್ತಿ ಇದೆಯಾ, ಇಲ್ಲದಿದ್ರೆ ಬೇರೆ ಏನಿದೆ?’ ಅಂತ ಡಾಕ್ಟರನ್ನ ಕೇಳಬಹುದು ಅನ್ನೋದೇ ಹೊಳೆಯಲ್ಲ.