ಹುಲಿವೇಷದ ಬಾಲಕ: ‘ಅಮಾಸ’ ಕಥೆಯಲ್ಲಿ ಪೌರುಷದ ಪ್ರಶ್ನೆ

ಕನ್ನಡ ಸಣ್ಣಕಥೆಯು ಬಡತನವನ್ನು ಚಿತ್ರಿಸಲು ತೊಡಗಿ ಬಹುಕಾಲವಾಯಿತು. ಆದರೆ ಇಂಥ ಕಥೆಗಳಲ್ಲಿ ಮಗುವಿಗೆ ದೊರೆಯುವ ಕೆಲಸ ಬಹುಮಟ್ಟಿಗೆ ಒಂದೇ: ಓದುಗರ ಕಣ್ಣಲ್ಲಿ ನೀರು ತರಿಸುವುದು. ಹಸಿದ ಹೊಟ್ಟೆ, ಹರಿದ ಅಂಗಿ, ಕೊನೆಗೊಂದು ಸಾವು, ಇಷ್ಟರಿಂದಲೇ ಕರುಣರಸ ಸಿದ್ಧಿಸಿತೆಂದು ತಿಳಿದ ಕಥೆಗಾರರುಂಟು. ದೇವನೂರ ಮಹಾದೇವರ ‘ಅಮಾಸ’ ಈ ಸುಲಭಮಾರ್ಗವನ್ನು ತೊರೆದ ಕಥೆ. 1973ರಲ್ಲಿ ಪ್ರಕಟವಾದ ‘ದ್ಯಾವನೂರು’ ಸಂಕಲನದ ಈ ಕಥೆ ದಲಿತ ಬಾಲಕನೊಬ್ಬನ ಬಾಲ್ಯವನ್ನು ಹೇಳುತ್ತಲೇ, ಗಂಡಸುತನವೆಂದರೇನು ಎಂಬ ಪ್ರಶ್ನೆಯನ್ನು ಹೆಸರಿಸದೆಯೇ ಎತ್ತುತ್ತದೆ.

ಮೊದಲು ಹೆಸರನ್ನು ಗಮನಿಸಬೇಕು. ಅಮಾವಾಸ್ಯೆಯು ಆಡುನುಡಿಯಲ್ಲಿ ಸವೆದು ‘ಅಮಾಸ’ವಾಗಿದೆ. ತಂದೆತಾಯಿಗಳಿಲ್ಲದ ಹುಡುಗನಿಗೆ ಕುಲದ ಹೆಸರಾಗಲಿ, ಮನೆದೇವರ ಹೆಸರಾಗಲಿ ಒದಗಿಲ್ಲ. ಪಂಚಾಂಗದ ಒಂದು ತಿಥಿ ಒದಗಿದೆ. ಅವನನ್ನು ಸಾಕುವ ಮುದುಕನದೂ ಇದೇ ಸ್ಥಿತಿ. ಕುರಿ ಕಾಯ್ದ ಕಾರಣದಿಂದ ಅವನು ಕುರಿಯಯ್ಯ. ಕಸುಬೇ ಹೆಸರನ್ನು ನುಂಗಿದೆ. ಇವರಿಬ್ಬರಿಗೂ ಮನೆ ಮಾರಿಗುಡಿ. ಊರಿಗೆಲ್ಲ ಹಬ್ಬದ ದಿನ ಮಾತ್ರ ನೆನಪಾಗುವ ದೇವತೆಯ ನೆರಳಿನಲ್ಲಿ, ಊರಿಗೆ ನೆನಪಾಗದ ಇಬ್ಬರು ಬಾಳುತ್ತಾರೆ. ಈ ಸಂಸಾರದಲ್ಲಿ ಹೆಂಗಸಿಲ್ಲ, ರಕ್ತಸಂಬಂಧವಿಲ್ಲ, ಆಸ್ತಿಯಿಲ್ಲ. ಆದರೂ ಅದು ಸಂಸಾರವೇ.

ಇಲ್ಲಿ ಕಥೆಯ ಮೊದಲ ಸಾಧನೆಯಿದೆ. ನಮ್ಮ ಸಮಾಜವು ಪೌರುಷವನ್ನು ಅಳೆಯುವ ಮಾನದಂಡಗಳು ಮೂರು: ಮನೆತನ, ಭೂಮಿ, ಸಂತಾನ. ಗೌಡನಿಗೆ ಮೂರೂ ಉಂಟು. ಕುರಿಯಯ್ಯನ ಕೈಯಲ್ಲಿ ಈ ಮೂರರಲ್ಲಿ ಯಾವುದೂ ಇಲ್ಲ. ಆದರೆ ಮಗುವನ್ನು ತನ್ನ ಮಗ್ಗುಲಲ್ಲಿ ಬೆಳೆಯಗೊಡುವ ತಂದೆತನ ಅವನಲ್ಲಿದೆ. ಕಥೆಗಾರರು ಇದನ್ನು ಹೊಗಳುವುದಿಲ್ಲ, ವಿವರಿಸುವುದೂ ಇಲ್ಲ. ನಂಜನಗೂಡು ಸೀಮೆಯ ಆಡುಮಾತಿನ ಸಹಜ ಧಾಟಿಯಲ್ಲಿ ಅದು ತಾನಾಗಿ ಮೂಡುತ್ತದೆ.

ಮಹಾರಾಷ್ಟ್ರದಲ್ಲಿ ನೆಲಸಿದ ಕನ್ನಡ ವಾಚಕರಿಗೆ ಈ ಸಂದರ್ಭದಲ್ಲಿ ಶರಣಕುಮಾರ ಲಿಂಬಾಳೆಯವರ ಮರಾಠಿ ಆತ್ಮಕಥನ ‘ಅಕ್ಕರಮಾಶಿ’ (1984) ನೆನಪಾಗದಿರದು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕು, ಕನ್ನಡ ಮರಾಠಿಗಳೆರಡೂ ಬಾಯಿಗೆ ಬರುವ ಗಡಿಸೀಮೆ, ಆ ಬಾಲ್ಯದ ನೆಲ. ಹುಟ್ಟಿಸಿದ ಮೇಲ್ಜಾತಿಯ ತಂದೆ ಹೆಸರು ಕೊಡಲೊಲ್ಲ. ಅಜ್ಜಿಯೊಡನೆ ಬಾಳಿದ, ಬಸ್ ನಿಲ್ದಾಣದಲ್ಲಿ ಹೊರೆ ಹೊರುತ್ತಿದ್ದ ಮುಸಲ್ಮಾನ ಮುದುಕ ದಸ್ತಗೀರ ಅನ್ನ ಕೊಡುತ್ತಾನೆ. ಹೆಸರಿನ ತಂದೆ ಬೇರೆ, ಅನ್ನದ ತಂದೆ ಬೇರೆ ಎಂಬ ಈ ಸೀಳು ಎರಡೂ ಕೃತಿಗಳಿಗೆ ಸಮಾನ. ಆದರೆ ಲಿಂಬಾಳೆಯವರ ನಿರೂಪಕ ಕೇಳುತ್ತಾನೆ, ಕೆರಳುತ್ತಾನೆ. ಅಮಾಸನು ಕೇಳುವುದಿಲ್ಲ, ಕೇಳಬಹುದೆಂಬುದೇ ಅವನಿಗೆ ತಿಳಿಯದು. ಆತ್ಮಕಥನದ ಸಿಟ್ಟು ಸಣ್ಣಕಥೆಯಲ್ಲಿ ಮೌನವಾಗಿ ನೆಲೆಸಿದೆ.

ಕಥೆಯ ತಿರುವು ಮಾರಿಹಬ್ಬದಲ್ಲಿದೆ. ಹುಲಿವೇಷದವರ ಕುಣಿತದಲ್ಲಿ ಪುಟ್ಟ ಹುಲಿಯಾಗಿ ಅಮಾಸನೂ ಇಳಿಯುತ್ತಾನೆ. ಅದುವರೆಗೆ ಯಾರ ಕಣ್ಣಿಗೂ ಬೀಳದಿದ್ದ ಹುಡುಗನತ್ತ ಊರೇ ನೋಡುತ್ತದೆ. ಗೌಡರ ಮನೆಯ ಸೊಸೆಯೂ ಆ ಕುಣಿತಕ್ಕೆ ಮರುಳಾಗುತ್ತಾಳೆ. ಈ ಹುಲಿಯನ್ನು ಬಂಡಾಯದ ಸಂಕೇತವೆಂದು ಓದುವುದು ಸುಲಭ. ತುಳಿಸಿಕೊಂಡವನಲ್ಲಿ ಅಡಗಿದ್ದ ಶಕ್ತಿ ಎದ್ದು ನಿಂತಿತೆಂದರೆ ಓದುಗರಿಗೂ ಸಮಾಧಾನವಾಗುತ್ತದೆ. ಆದರೆ ಕಥೆಯು ಅಷ್ಟು ಅಗ್ಗದ ಸಮಾಧಾನವನ್ನು ಕೊಡುವುದೆಂದು ಒಪ್ಪಲಾಗದು. ಹುಲಿಯ ಪೌರುಷ ಹುಡುಗನ ಸ್ವಂತದ್ದಲ್ಲ. ಊರು ಒಂದು ದಿನದ ಮಟ್ಟಿಗೆ ಕೊಟ್ಟ ಕಡ. ಬಣ್ಣ ತೊಳೆದೊಡನೆ ಹುಲಿ ಹೋಗಿ ಅಮಾಸ ಉಳಿಯುತ್ತಾನೆ. ಬಡವರ ಮಗನ ಮೈಬಲವನ್ನು ಹಬ್ಬದಂದು ಮೆಚ್ಚಿ, ಉಳಿದ ದಿನಗಳಲ್ಲಿ ದುಡಿಸಿಕೊಳ್ಳುವ ವ್ಯವಸ್ಥೆಗೆ ಆ ಮೆಚ್ಚುಗೆಯಿಂದ ಯಾವ ನಷ್ಟವೂ ಇಲ್ಲ.

ಹಾಗೆಂದು ಕುಣಿತ ಹುಸಿಯೆನ್ನಲಾಗದು. ಹುಡುಗನ ಮೈಯೊಳಗೆ ಆ ಹೊತ್ತು ಉಕ್ಕಿದ ಹರ್ಷ ನಿಜವಾದುದು. ಆಡುವ ವಯಸ್ಸಿನ ಮಗುವಿಗೆ ಆಟವೊಂದು ದೊರೆತ ಗಳಿಗೆ ಅದು. ಅದೇ ಗಳಿಗೆಯಲ್ಲಿ ಹಿರಿಯರು ಅವನಲ್ಲಿ ಗಂಡಸನ್ನು ಕಂಡರು. ಮಗುವಿನ ಆಟವೂ ಊರಿನ ನೋಟವೂ ಒಂದೇ ಮೈಮೇಲೆ ಸಂಧಿಸುವ ಈ ಕ್ಷಣದ ಇಬ್ಬಗೆಯನ್ನು ಬಿಡಿಸದೆ ಇಟ್ಟದ್ದೇ ಕಥೆಗಾರರ ಔಚಿತ್ಯಪ್ರಜ್ಞೆ. ಒಂದು ಕೊರತೆಯನ್ನು ಹೇಳಬಹುದು: ಸೊಸೆಯ ಬೆರಗು ಕಥೆಗೆ ಕಾವ್ಯದ ಹೊಳಪನ್ನು ತಂದರೂ, ಓದುಗರ ಗಮನವನ್ನು ಗುಡಿಯಿಂದ ಗೌಡರ ಮನೆಯತ್ತ ಸೆಳೆದೊಯ್ಯುತ್ತದೆ. ಕುರಿಯಯ್ಯನು ಅಷ್ಟರಮಟ್ಟಿಗೆ ಹಿಂದೆ ಸರಿಯುತ್ತಾನೆ.

ಈ ಕಥೆ ಹಳ್ಳಿಯ ಗಡಿಯೊಳಗೆ ಮುಗಿಯುವುದಲ್ಲ. ಪುಣೆಯ ಭೋಸರಿ ಒಂದು ಕಾಲಕ್ಕೆ ಹಳ್ಳಿ; ಇಂದು ಕಾರ್ಖಾನೆಗಳ ನಡುವಣ ನಗರಭಾಗ. ಕಲಬುರಗಿ, ವಿಜಯಪುರ, ಬೀದರ ಕಡೆಗಳಿಂದ ದುಡಿಮೆಗಾಗಿ ಪುಣೆಗೆ ಬಂದ ಕುಟುಂಬಗಳು ಬಹಳ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಡಬಾರದೆಂದು 2016ರ ತಿದ್ದುಪಡಿಯ ಬಳಿಕ ಕಾಯಿದೆ ಬಿಗಿಯಾಗಿದೆ. ಆದರೂ ಚಹಾದಂಗಡಿಯ ಹುಡುಗನನ್ನು ‘ಛೋಟು’ ಎಂದು ಕೂಗುವ ರೂಢಿ ನಗರಗಳಿಂದ ಮಾಯವಾಗಿಲ್ಲ. ಅಮಾಸನೆಂಬುದು ಹೇಗೋ ಛೋಟುವೆಂಬುದೂ ಹಾಗೆಯೇ: ಕರೆಯುವವರ ಅನುಕೂಲಕ್ಕೆ ಇಟ್ಟ ಹೆಸರು. ‘ಗಂಡುಮಗ, ದುಡಿಯಲಿ’ ಎಂಬ ಒಂದು ಮಾತಿನಿಂದ ಬಾಲ್ಯವನ್ನು ಕಸಿದುಕೊಂಡು, ಕಸಿದದ್ದನ್ನೇ ಪೌರುಷವೆಂದು ಹೊಗಳುವುದುಂಟು.

ಆ ಹೊಗಳಿಕೆಯ ಒಳಗಿನ ಕ್ರೌರ್ಯವನ್ನು ‘ಅಮಾಸ’ ಧ್ವನಿಯೇರಿಸದೆ ಕಾಣಿಸುತ್ತದೆ. ಹುಲಿಯನ್ನು ಊರು ನೋಡಿತು. ಹುಡುಗನನ್ನು ನೋಡಿದವನು ಮಾರಿಗುಡಿಯ ಮುದುಕನೊಬ್ಬನೇ. ಕಥೆಯ ನಿಜವಾದ ಗಂಡಸು ಯಾರೆಂಬುದಕ್ಕೆ ಉತ್ತರ ಅಲ್ಲಿದೆ.